ಕೋರೆ ಇಲ್ಲದ ಆನೆ

ನಾನು ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರ. ಶ್ರಾವಣ ಬಂತೆಂದರೆ ವಿಜಯಪುರದ ನಾಲ್ಕಾರು ಗಲ್ಲಿಗಳಿಗೆ ಗಣಪತಿ ಪರದೆ ಬರೆದುಕೊಡುತ್ತೇನೆ. ಇಪ್ಪತ್ತು ವರ್ಷದಲ್ಲಿ ಎಷ್ಟು ಸೊಂಡಿಲು ಬರೆದೆನೋ ಲೆಕ್ಕವಿಲ್ಲ. ಹೋದ ರವಿವಾರ ಡಚ್ ಚಿತ್ರಕಾರ ರೆಂಬ್ರಾಂಟ್‌ನ ಆನೆಯನ್ನು ನಕಲು ಮಾಡಲು ಕುಂತಾಗ, ಊಟದ ಹೊತ್ತಿಗೆ ಮುಗಿಸಿ ಏಳುತ್ತೇನೆ ಅಂದುಕೊಂಡಿದ್ದೆ.

1637ರಲ್ಲಿ ಕರಿ ಚಾಕ್‌ನಲ್ಲಿ ತೆಗೆದ ಚಿತ್ರ ಅದು. ಈಗ ವಿಯೆನ್ನಾದ ಅಲ್ಬರ್ಟಿನಾ ಸಂಗ್ರಹಾಲಯದಲ್ಲಿದೆ. ಗೋಲಗುಮ್ಮಟ ಕಟ್ಟಿಸಿದ ಮಹಮ್ಮದ್ ಆದಿಲ್‌ಶಾಹ ನಮ್ಮೂರನ್ನು ಆಳುತ್ತಿದ್ದ ಕಾಲ. ಝೆರಾಕ್ಸ್ ತೆಗೆಸಿದರೆ ತೆಳು ಗೆರೆಗಳೆಲ್ಲ ಹಾರಿಹೋಗಿದ್ದವು. ಮೊಬೈಲನ್ನೇ ಗೋಡೆಗೆ ಆನಿಸಿಟ್ಟು ಚಾರ್ಕೋಲ್ ಹಿಡಿದೆ.

ನೆತ್ತಿಯಿಂದ ಬಾಲದ ತನಕ ಒಂದೇ ಎಳೆತದಲ್ಲಿ ಗೆರೆ ಎಳೆದೆ. ಮಂದಿ ಮೆಚ್ಚುವ ಗೆರೆ ಅದು, ಆದರೆ ಆನೆ ಗಾಳಿ ತುಂಬಿದ ಬಲೂನಿನಂತೆ ನಿಂತಿತು. ಮತ್ತೆ ಮೊಬೈಲ್ ನೋಡಿದೆ. ರೆಂಬ್ರಾಂಟ್ ಹೊರಗೆರೆಯನ್ನು ನಂಬಿಕೊಂಡೇ ಇಲ್ಲ. ಸುಕ್ಕುಗಳು ಮೈಯ ಉಬ್ಬುತಗ್ಗು ಹಿಡಿದು ಹೊರಳುತ್ತವೆ. ಒಂದು ಕಡೆ ಚಾಕ್ ಸುಮ್ಮನೆ ಸವರಿದೆ, ಇನ್ನೊಂದು ಕಡೆ ಒತ್ತಿ ಕಪ್ಪಾಗಿದೆ. ಒತ್ತಿದಲ್ಲೆಲ್ಲ ತೊಗಲು ಜೋತುಬಿದ್ದಿದೆ. ನನ್ನ ಕೈಗೆ ಒತ್ತುವುದಷ್ಟೇ ಗೊತ್ತು, ಸಡಿಲ ಬಿಡುವುದು ಗೊತ್ತಿಲ್ಲ. ಎರಡನೇ ಹಾಳೆಯೂ ಹೋಯಿತು.

ಮೂರನೆಯದು ಒಂದಿಷ್ಟು ಹದಕ್ಕೆ ಬಂದಿತ್ತು. ಚಹಾ ತಂದ ಅವ್ವ ಮೊಬೈಲನ್ನೂ ಹಾಳೆಯನ್ನೂ ನೋಡಿದಳು.

“ಯಾಕೋ ತಮ್ಮಾ, ಅದ್ರಾಗಿಲ್ಲದ ಕೋರಿ ಇದಕ್ಕೆಲ್ಲಿಂದ ತಂದಿ? ಅದು ಹೆಣ್ಣಾನಿ ಕಾಣತೈತಿ.”

ಹೌದು, ಕೋರೆ ಬರೆದಿದ್ದೆ. ಸಾಲದ್ದಕ್ಕೆ ಮುರಿದ ಕೋರೆ, ನಮ್ಮ ಗಣಪ್ಪನದು! ಮೂರು ತಾಸು ಕಣ್ಣೆದುರಿಗೇ ಇದ್ದ ಚಿತ್ರದಲ್ಲಿ ಅದು ಇಲ್ಲವೆಂಬುದು ನನಗೆ ಕಂಡೇ ಇರಲಿಲ್ಲ. ರೆಂಬ್ರಾಂಟ್ ಹಾಲೆಂಡಿನಲ್ಲಿ ನೋಡಿದ್ದು ಸಿಂಹಳದಿಂದ ಹಡಗಿನಲ್ಲಿ ತಂದಿದ್ದ ಹಾನ್ಸ್‌ಕೆನ್ ಎಂಬ ಹೆಣ್ಣಾನೆಯನ್ನು, ಅನ್ನುತ್ತಾರೆ. ಊರೂರು ತಿರುಗಿಸಿ ಆಟ ಆಡಿಸುತ್ತಿದ್ದರಂತೆ. ಕಡೆಗೆ 1655ರಲ್ಲಿ ಇಟಲಿಯ ಫ್ಲಾರೆನ್ಸ್‌ನಲ್ಲಿ ಸತ್ತಿತು. ಆತ ತೆಗೆದದ್ದು ಆ ಒಂದು ಆನೆಯನ್ನು. ನಾನು ತೆಗೆಯುತ್ತಿದ್ದದ್ದು ನನಗೆ ಬಾಯಿಪಾಠವಾದದ್ದನ್ನು.

ನಕಲೆಂದರೆ ಮೂಗು ಮುರಿಯುವವರಿದ್ದಾರೆ. ಇದೇ ರೆಂಬ್ರಾಂಟ್ ಮುಂದೆ ನಮ್ಮ ಕಡೆಯ ಮೊಘಲ್ ಚಿತ್ರಗಳನ್ನು ಎದುರಿಗಿಟ್ಟುಕೊಂಡು ಇಪ್ಪತ್ತಕ್ಕೂ ಹೆಚ್ಚು ನಕಲು ತೆಗೆದ. ಅವನ ಕೈ ಎಲ್ಲಿ ಹಟ ಮಾಡಿತ್ತೋ ಏನೋ.

ಕೋರೆಯನ್ನು ರಬ್ಬರಿನಿಂದ ತಿಕ್ಕಿದೆ. ಪೂರ್ತಿ ಹೋಗಲಿಲ್ಲ, ಬಾಯಿಯ ಹತ್ತಿರ ಬೂದಿಬಣ್ಣದ ಕಲೆ ಉಳಿಯಿತು. ಹಿಂಬದಿಗೆ ‘ರೆಂಬ್ರಾಂಟ್‌ನನ್ನು ನೋಡಿ ತೆಗೆದದ್ದು’ ಅಂತ ಬರೆದು, ಪರದೆಯ ಬಣ್ಣದ ಡಬ್ಬಿಗಳ ಮೇಲೆ ಆ ಹಾಳೆ ಅಂಟಿಸಿದ್ದೇನೆ. ಅವ್ವ ಮಾತ್ರ ಬಂದುಹೋದವರಿಗೆಲ್ಲ ಆ ಕಲೆಯನ್ನೇ ತೋರಿಸುತ್ತಾಳೆ.