ಜೀಬ್ರಾಫಿಶ್ ಮೊಟ್ಟೆ, ಮೂರನೇ ಬ್ಯಾಚ್: ಕೊನೆಗೂ ಕಣ್ಣು ಕಾಣ್ತು

ಜೀಬ್ರಾಫಿಶ್ (ಅಕ್ವೇರಿಯಂನ ಪುಟ್ಟ ಪಟ್ಟೆ ಮೀನು) ಮೊಟ್ಟೆಲಿ ಕಣ್ಣು ಮೂಡೋದನ್ನ ಮನೇಲೇ ನೋಡೋಕೆ ಹೊರಟಿದೀನಿ, ಎರಡು ಬ್ಯಾಚ್ ಹಾಳಾದ್ಮೇಲೆ ಈ ಸಲ ಸ್ವಲ್ಪ ಕೈ ಹಿಡೀತು. ಮೊದಲ್ನೇ ಸಲ ಇಟ್ಟ ಮೊಟ್ಟೆನ ಮೀನುಗಳೇ ತಿಂದ್ವು (ಈಗ ಟ್ಯಾಂಕ್ ತಳಕ್ಕೆ ಗೋಲಿ ಹಾಕಿದೀನಿ, ಮೊಟ್ಟೆ ಸಂದಿಗೆ ಬಿದ್ದೋಗುತ್ತೆ), ಎರಡ್ನೇ ಸಲ ಬೆಳ್ಳಗಾಗಿ ಸತ್ತಿದ್ದನ್ನ ತೆಗೀದೆ ಬಿಟ್ಟಿದ್ದಕ್ಕೆ ಫಂಗಸ್ ಹಿಡಿದು ಪೂರ್ತಿ ಹತ್ತಿ ಉಂಡೆ.

ಭಾನುವಾರ ಬೆಳಿಗ್ಗೆ ಲೈಟ್ ಹಾಕಿದ ಸ್ವಲ್ಪ ಹೊತ್ತಿಗೆ ಮೊಟ್ಟೆ ಬಿತ್ತು, 7 ಗಂಟೆ ಅಂತ ಬರ್ಕೊಂಡೆ. ಮರಿ ಬೆಳೆಯೋದಕ್ಕೆ ಎಲ್ಲರೂ ಕೊಡೋ ಟೈಮಿಂಗ್ 28.5 ಡಿಗ್ರಿದು, ನಮ್ಮನೆ ನೀರು 25. ಈ ಮೀನು ಬೆಳೆಯೋ ಹಂತಗಳನ್ನ ಬರ್ದಿಟ್ಟ ಕಿಮ್ಮೆಲ್ ಟೀಮ್ 1995ರಲ್ಲಿ ಕೊಟ್ಟ ಫಾರ್ಮುಲಾ ಪ್ರಕಾರ 24 ಗಂಟೆ ಹಂತಕ್ಕೆ ನಂಗೆ ಹತ್ರ ಹತ್ರ 30 ಗಂಟೆ. ಹೋದ್ಸಲ ಇದು ಗೊತ್ತಿಲ್ದೆ ಕಣ್ಣೇ ಬಂದಿಲ್ವಲ್ಲ ಅಂತ ತಲೆ ಕೆಡಿಸ್ಕೊಂಡಿದ್ದೆ.

ನಂಗೆ ಬೇಕಿದ್ದಿದ್ದು ಕಣ್ಣು ಉಬ್ಬೋ ಹೊತ್ತು. ಯಾಕಂದ್ರೆ ಶುರುನಲ್ಲಿ ಎರಡು ಕಣ್ಣಿರಲ್ಲ, ಮಿದುಳಾಗೋ ಹಾಳೆಯ ಮುಂದ್ಗಡೆ ಒಂದೇ ಪಟ್ಟಿ, ಅಲ್ಲಿ ಆರ್‌ಎಕ್ಸ್3, ಸಿಕ್ಸ್3, ಪ್ಯಾಕ್ಸ್6 ಜೀನ್‌ಗಳು ಒಟ್ಟಿಗೆ ಆನ್ ಆಗಿರ್ತವೆ, ನಡುಗೆರೆ ಕಡೆಯಿಂದ ಬರೋ ನೋಡಲ್, ಸಾನಿಕ್ ಹೆಜ್‌ಹಾಗ್ ಅನ್ನೋ ಪ್ರೋಟೀನ್ ಸಿಗ್ನಲ್ ಇದ್ರೇನೇ ಅದು ಎರಡಾಗೋದು. ಸೈಕ್ಲಾಪ್ಸ್ ಅನ್ನೋ ಮ್ಯುಟೆಂಟ್‌ನಲ್ಲಿ ಒಂದು ನೋಡಲ್ ಜೀನೇ ಕೆಟ್ಟಿರುತ್ತೆ, ಕಣ್ಣು ಮಧ್ಯದಲ್ಲಿ ಸೇರ್ಕೊಂಡುಬಿಡುತ್ತೆ. ಆರ್‌ಎಕ್ಸ್3 ಕೆಟ್ಟಿರೋದಕ್ಕೆ ಚೋಖ್ ಅಂತ ಹೆಸ್ರು, ಬಂಗಾಳಿಲಿ ಚೋಖ್ ಅಂದ್ರೆ ಕಣ್ಣು, ಆ ಪಾಪದ್ದಕ್ಕೆ ಕಣ್ಣೇ ಇಲ್ಲ! ಜೀನ್ ಎಲ್ಲಿ ಆನ್ ಆಗಿದೆ ಅಂತ ನೋಡಕ್ಕೆ ಲ್ಯಾಬಲ್ಲಿ ಆ ಜೀನಿಂದ ತಯಾರಾಗೋ ಆರ್‌ಎನ್‌ಎಗೆ ಬಣ್ಣ ಬರಿಸ್ತಾರೆ, ನನ್ನ ಸೆಕೆಂಡ್‌ಹ್ಯಾಂಡ್ ಮೈಕ್ರೋಸ್ಕೋಪಲ್ಲಿ ಬರೀ ಆಕಾರ.

ಅದೇ ಭಾನುವಾರ ರಾತ್ರಿ 10:20. ಕಡ್ಡಿ ತುದಿಗೆ ಕಟ್ಟಿದ ಕೂದಲಲ್ಲಿ ಮೊಟ್ಟೆ ಮೆಲ್ಲಗೆ ಉರುಳಿಸ್ತಾ ಇದ್ದೆ, ತಲೆ ಮೇಲ್ಗಡೆಯಿಂದ ಸಿಕ್ತು ನೋಡಿ, ಎರಡೂ ಪಕ್ಕ ಚಪ್ಪಟೆ ರೆಕ್ಕೆ ತರ ಉಬ್ಬು. ಕೋಳಿ ಮರಿಲಿ ಈ ಉಬ್ಬು ಒಳಗೆ ಟೊಳ್ಳಿರೋ ಬಲೂನು, ಮೀನಲ್ಲಿ ಮೊದ್ಲು ಗಟ್ಟಿ, ಟೊಳ್ಳು ಆಮೇಲೆ ಆಗೋದು. ಫೋಟೋ ತೆಗಿಯೋಣ ಅಂದ್ರೆ ಅಮ್ಮ ಬಂದು "ಇನ್ನೂ ಮಲ್ಗಿಲ್ವೇನೋ" ಅಂತ ಲೈಟ್ ಆಫ್ ಮಾಡಿಬಿಟ್ರು, ಮತ್ತೆ ಹಾಕಿದಾಗ ಆ ಮೊಟ್ಟೆ ಮಗುಚ್ಕೊಂಡಿತ್ತು.

ಸೋಮವಾರ ಆಫೀಸಿಂದ ಬಂದು 7 ಗಂಟೆಗೆ ನೋಡ್ದೆ. 41ರಲ್ಲಿ 29 ಜೀವಂತ. ಗಾಜಿನ ಮಣಿ ತರ ಲೆನ್ಸು, ಸುತ್ತ ಕಪ್ಪು ಚುಕ್ಕೆ ಶುರು. ಕಣ್ಣಿನ ಕೆಳಗೆ ಒಂದು ಸೀಳು, ಕೋರಾಯ್ಡ್ ಫಿಶರ್. ಅದು ಮುಚ್ಚೋದು 48 ಗಂಟೆ ಹಂತದ ಆಸುಪಾಸಲ್ಲಿ, ನನ್ನ ಲೆಕ್ಕಕ್ಕೆ ಮಂಗಳವಾರ ಸಂಜೆ 7. ಅಷ್ಟರೊಳಗೆ ಕರೆಂಟ್ ಹೋಗ್ದಿದ್ರೆ ಸಾಕು, ಮತ್ತೆ ಅಮ್ಮಂಗೂ ಮೊದ್ಲೇ ಹೇಳಿಟ್ಟಿರ್ಬೇಕು.