ಗಂಟೆಗೆ 20 ಡಾಲರ್ ಸಿಗುತ್ತಿದೆ, ಕೆಲಸ ಬಿಡಲೇ?

ಸಾಫ್ಟ್‌ವೇರ್, ಡಿಸೈನ್, ಅಕೌಂಟ್ಸ್ ಕೆಲಸದಲ್ಲಿರುವವರು ನಮ್ಮನ್ನು ಪದೇ ಪದೇ ಕೇಳುವುದು ಇದನ್ನೇ: ವಿದೇಶಿ ಕ್ಲೈಂಟುಗಳ ಫ್ರೀಲಾನ್ಸ್ ಕೆಲಸ ಸಿಗುವ ಆನ್‌ಲೈನ್ ವೇದಿಕೆ ಅಪ್‌ವರ್ಕ್‌ನಲ್ಲಿ ಗಂಟೆಗೆ 20 ಡಾಲರ್ ಕೊಡುವ ಕ್ಲೈಂಟ್ ಸಿಕ್ಕಿದ್ದಾರೆ, ಇಲ್ಲಿನ ಕೆಲಸ ಬಿಡಬಹುದೇ? ಕೇಳುವ ಹೊತ್ತಿಗೆ ಅವರ ಲೆಕ್ಕ ಮುಗಿದಿರುತ್ತದೆ. ತಿಂಗಳಿಗೆ 160 ಗಂಟೆ, ಡಾಲರಿಗೆ 85 ರೂಪಾಯಿ, ವರ್ಷಕ್ಕೆ 32.64 ಲಕ್ಷ. ನಮ್ಮ ಲೆಕ್ಕದಲ್ಲಿ ಅದು ಸುಮಾರು 14 ಲಕ್ಷದ ಸಿಟಿಸಿಗೆ (ಕಂಪನಿ ನಿಮಗಾಗಿ ವರ್ಷಕ್ಕೆ ಮಾಡುವ ಒಟ್ಟು ಖರ್ಚಿಗೆ) ಸಮ.

ಉಳಿದದ್ದು ಎಲ್ಲಿ ಹೋಯಿತು? ದೊಡ್ಡ ಸೋರಿಕೆ ಕಮಿಷನ್ನಿನದಲ್ಲ, ಬಿಲ್ ಆಗದ ಗಂಟೆಗಳದು. ಪ್ರಪೋಸಲ್ ಬರೆಯುವುದು, ಕೆಲಸ ಗಟ್ಟಿಯಾಗುವ ಮುಂಚಿನ ಮಾತುಕತೆ, ಒಂದು ಕಾಂಟ್ರ್ಯಾಕ್ಟ್ ಮುಗಿದು ಇನ್ನೊಂದು ಸಿಗುವವರೆಗಿನ ಖಾಲಿ ದಿನಗಳು, ಇವಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ವಾರಕ್ಕೆ 40 ಗಂಟೆ ಕೂತರೆ 22 ಗಂಟೆ ಬಿಲ್ ಆಗುತ್ತದೆ ಎಂದು ಹಿಡಿಯಿರಿ. ಹಬ್ಬ, ಜ್ವರ, ರಜೆ ಕಳೆದು ವರ್ಷಕ್ಕೆ 46 ವಾರ. ಅಲ್ಲಿಗೆ 1,012 ಗಂಟೆ, 20,240 ಡಾಲರ್. ವೇದಿಕೆಯ ಶುಲ್ಕ ಶೇ 10 ಎಂದುಕೊಳ್ಳೋಣ (ಅಪ್‌ವರ್ಕ್ 2025ರಿಂದ ಹೊಸ ಕಾಂಟ್ರ್ಯಾಕ್ಟುಗಳಿಗೆ ಶೇ 0ರಿಂದ 15ರವರೆಗೆ ಹಾಕುತ್ತದೆ, ಇಂಥದ್ದೇ ಇನ್ನೊಂದು ವೇದಿಕೆ ಫೈವರ್‌ನದು ಶೇ 20). ಡಾಲರ್ ರೂಪಾಯಿಯಾಗುವಾಗ ಇನ್ನೊಂದು ಶೇ 2 ಹೋಗುತ್ತದೆ. ಕೈಗೆ ಬರುವುದು ಸುಮಾರು 15.17 ಲಕ್ಷ. ಲ್ಯಾಪ್‌ಟಾಪ್, ಎರಡನೇ ಇಂಟರ್ನೆಟ್ ಲೈನು, ಯುಪಿಎಸ್, ಆರೋಗ್ಯ ವಿಮೆಗೆ 1.2 ಲಕ್ಷ ತೆಗೆದಿಡಿ, ಉಳಿಯುವುದು ಸುಮಾರು 14 ಲಕ್ಷ. ಪಿಎಫ್‌ಗೆ ಕಂಪನಿಯ ಪಾಲು ಇಲ್ಲ, ಗ್ರಾಚ್ಯುಟಿ ಇಲ್ಲ.

ಇದನ್ನೇ ತಿರುಗಿಸಿದರೆ ನಿಮ್ಮ ಕನಿಷ್ಠ ದರ ಸಿಗುತ್ತದೆ: ಈಗಿನ ಸಿಟಿಸಿಗೆ 1.2 ಲಕ್ಷ ಸೇರಿಸಿ, 76,000ದಿಂದ ಭಾಗಿಸಿ (ಮೇಲಿನ ಲೆಕ್ಕದಲ್ಲಿ ಗಂಟೆಯ ದರದ ಒಂದೊಂದು ಡಾಲರಿಗೆ ವರ್ಷಕ್ಕೆ ಕೈಗೆ ಬರುವ ರೂಪಾಯಿ ಸುಮಾರು ಅಷ್ಟು). 12 ಲಕ್ಷದವರಿಗೆ ಸುಮಾರು 17.4 ಡಾಲರ್. ಅದಕ್ಕಿಂತ ಕಡಿಮೆಗೆ ಒಪ್ಪಿದರೆ ನಿಮ್ಮ ಸಂಬಳವನ್ನು ನೀವೇ ಇಳಿಸಿಕೊಂಡಂತೆ.

ತೆರಿಗೆಯಲ್ಲಿ ಮಾತ್ರ ಲಾಭವಿದೆ. 1961ರ ಕಾಯ್ದೆಯ 44ಎಡಿಎ ಎಂದು ಎಲ್ಲರಿಗೂ ಪರಿಚಿತವಾದ ವ್ಯವಸ್ಥೆಯಲ್ಲಿ ಎಂಜಿನಿಯರಿಂಗ್, ಅಕೌಂಟೆನ್ಸಿ, ತಾಂತ್ರಿಕ ಸಲಹೆಯಂಥ ಪಟ್ಟಿಯಲ್ಲಿರುವ ವೃತ್ತಿಗಳವರು ಬಂದ ಹಣದ ಅರ್ಧವನ್ನೇ ಆದಾಯವೆಂದು ತೋರಿಸಬಹುದು. ಎಲ್ಲ ಫ್ರೀಲಾನ್ಸರುಗಳಿಗೂ ಇದು ಸಿಗುವುದಿಲ್ಲ. ಡೇಟಾ ಎಂಟ್ರಿ ಆ ಪಟ್ಟಿಯಲ್ಲಿಲ್ಲ. ಹೆಚ್ಚಿನವರು ಎಡವುವುದು ಬ್ಯಾಂಕಿಗೆ ಬಂದ ಮೊತ್ತವನ್ನೇ ವಹಿವಾಟು ಎಂದು ಬರೆದು. ಲೆಕ್ಕಕ್ಕೆ ಬರಬೇಕಾದದ್ದು ಶುಲ್ಕ ಕಳೆಯುವ ಮುಂಚಿನ ಬಿಲ್ ಮೊತ್ತ. ಅದು ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಸೇವೆಯ ರಫ್ತಿಗೆ ತೆರಿಗೆ ಶೂನ್ಯವೇ, ಆದರೆ ತೆರಿಗೆ ಕಟ್ಟದೆ ಬಿಲ್ ಮಾಡಲು ಎಲ್‌ಯುಟಿ ಎಂಬ ಮುಚ್ಚಳಿಕೆ ಪತ್ರವನ್ನು ಪ್ರತಿ ಏಪ್ರಿಲ್‌ನಲ್ಲಿ ಹೊಸದಾಗಿ ಸಲ್ಲಿಸಬೇಕು. ಮರೆತರೆ ಮೊದಲು ಐಜಿಎಸ್‌ಟಿ (ರಫ್ತಿಗೂ ಅನ್ವಯಿಸುವ ಜಿಎಸ್‌ಟಿ) ಕಟ್ಟಿ, ಆಮೇಲೆ ರೀಫಂಡಿಗೆ ಅಲೆಯಬೇಕು.

ಇನ್ನು ಈ ಫ್ರೀಲಾನ್ಸ್ ಮಾರುಕಟ್ಟೆ ಸಂಬಳವನ್ನು ಏರಿಸುತ್ತದೋ ಇಳಿಸುತ್ತದೋ ಎಂಬುದು. ಎರಡನ್ನೂ ಮಾಡುತ್ತದೆ, ಬೇರೆ ಬೇರೆ ಜನರಿಗೆ. ತುಂಡು ತುಂಡಾಗಿ ಹಂಚಬಹುದಾದ ಕೆಲಸದಲ್ಲಿ, ಅಂದರೆ ಲೋಗೊ, ಟೈಪಿಂಗ್, ಸಣ್ಣ ಲೇಖನಗಳಲ್ಲಿ, ಮಣಿಲಾ, ಢಾಕಾ, ಲಾಹೋರಿನವರೊಡನೆ ಒಂದೇ ಪಟ್ಟಿಯಲ್ಲಿ ದರ ಹೇಳಬೇಕು; ದರ ಕೆಳಗೇ ಎಳೆಯುತ್ತದೆ. ಒಂದು ಇಡೀ ವ್ಯವಸ್ಥೆಯನ್ನು ಕಟ್ಟಿ, ಕೆಟ್ಟರೆ ರಿಪೇರಿ ಮಾಡುವವರಿಗೆ ಕ್ಲೈಂಟ್ ತನ್ನ ದೇಶದ ದರದೊಡನೆ ಹೋಲಿಸಿ ಹಣ ಕೊಡುತ್ತಾನೆ. ಹುಬ್ಬಳ್ಳಿಯಲ್ಲೋ ಶಿವಮೊಗ್ಗದಲ್ಲೋ ಕೂತು ಇದನ್ನು ಮಾಡುವವರಿಗೆ ಬೆಂಗಳೂರಿನ ಬಾಡಿಗೆಯೂ ಉಳಿಯುತ್ತದೆ. ಊರು ಬಿಡದೆ ಉಳಿಯುವ ಈ ಆಯ್ಕೆ ನಿಜಕ್ಕೂ ದೊಡ್ಡದು.

ಕಾಲೇಜು ಮುಗಿಸಿದವರು ನೇರವಾಗಿ ಇದಕ್ಕೆ ಇಳಿಯುವುದನ್ನು ಮಾತ್ರ ನಾವು ಒಪ್ಪುವುದಿಲ್ಲ. ಅಪ್‌ವರ್ಕ್‌ನ ಹಿಂದಿನ ರೂಪಗಳಲ್ಲೊಂದಾದ ಓಡೆಸ್ಕ್‌ನಲ್ಲಿ ಅಮಾಂಡಾ ಪಲೇಯ್ಸ್ ಎಂಬ ಅರ್ಥಶಾಸ್ತ್ರಜ್ಞೆ ಒಂದು ಪ್ರಯೋಗ ಮಾಡಿದರು. ಅರ್ಜಿ ಹಾಕಿದವರಲ್ಲಿ 952 ಜನರನ್ನು ಚೀಟಿ ಎತ್ತಿದ ಹಾಗೆ ಆರಿಸಿ ಡೇಟಾ ಎಂಟ್ರಿ ಕೆಲಸ ಕೊಟ್ಟು, ಎಲ್ಲರಿಗೂ ಕಾಣುವಂತೆ ರಿವ್ಯೂ ಬರೆದರು. ಆ ಒಂದು ಅವಕಾಶದಿಂದಲೇ ಹೊಸಬರಿಗೆ ಮುಂದೆ ಹೆಚ್ಚು ಕೆಲಸ, ಹೆಚ್ಚು ಗಳಿಕೆ ಬಂತು. ಕೌಶಲ ಇದ್ದರೂ ಮೊದಲ ರಿವ್ಯೂ ಇಲ್ಲದವರಿಗೆ ಕೆಲಸ ಸಿಗುವುದು ಕಷ್ಟ ಎಂದಾಯಿತು. ಅದಕ್ಕೇ ಹೊಸಬರು 3 ಡಾಲರಿಗೂ ಒಪ್ಪುತ್ತಾರೆ. ಆಮೇಲೆ ಪ್ರೊಫೈಲಿನಲ್ಲಿ ಅದೇ ಸಣ್ಣ ಕೆಲಸಗಳು ತುಂಬಿ, ದೊಡ್ಡ ಕೆಲಸದವರು ಆ ಪುಟವನ್ನು ದಾಟಿ ಮುಂದೆ ಹೋಗುತ್ತಾರೆ. ಕೋಡ್ ತಿದ್ದಿ ಹೇಳಿಕೊಡುವ ಸೀನಿಯರ್ ಅಲ್ಲಿ ಸಿಗುವುದಿಲ್ಲ. ಮೂರು-ನಾಲ್ಕು ವರ್ಷ ಆಫೀಸಿನಲ್ಲಿ ಕಲಿತ ಮೇಲೆ ಬನ್ನಿ.

ಅನುಭವ ಇರುವವರಿಗೆ ನಮ್ಮ ಉತ್ತರ: ಆರು ತಿಂಗಳಿಗಾದರೂ ವಾರಕ್ಕೆ 20 ಗಂಟೆಯ ಕಾಂಟ್ರ್ಯಾಕ್ಟ್ ಕೈಯಲ್ಲಿದ್ದು, ದರ ನಿಮ್ಮ ಕನಿಷ್ಠಕ್ಕಿಂತ ಮೇಲಿದ್ದು, ಆರು ತಿಂಗಳ ಖರ್ಚು ಬ್ಯಾಂಕಿನಲ್ಲಿದ್ದರೆ ಬಿಡಿ. ಸಮಯವನ್ನೂ ನೋಡಿಕೊಳ್ಳಿ, ನ್ಯೂಯಾರ್ಕಿನ ಬೆಳಗಿನ 9 ಗಂಟೆ ಇಲ್ಲಿ ಸಂಜೆ 6:30, ಅವರ ಚಳಿಗಾಲದಲ್ಲಿ 7:30. ಕೆಲಸದಲ್ಲಿದ್ದುಕೊಂಡೇ ಪರೀಕ್ಷಿಸುವುದಾದರೆ ಮೊದಲು ನಿಮ್ಮ ನೇಮಕಾತಿ ಪತ್ರದಲ್ಲಿ ಹೊರಗಿನ ಕೆಲಸದ ಷರತ್ತು ಏನಿದೆ ಓದಿ, ಅನುಮತಿಯನ್ನು ಇಮೇಲ್‌ನಲ್ಲೇ ಪಡೆಯಿರಿ. ಪೈಪೋಟಿಯ ಕಂಪನಿಗಳಿಗೂ ಕೆಲಸ ಮಾಡುತ್ತಿದ್ದರೆಂದು ವಿಪ್ರೊ 300 ಜನರನ್ನು ತೆಗೆದದ್ದು 2022ರಲ್ಲಿ.