ಟ್ವೀಡ್ ಹೊಳೆಯ ದಂಡೆಯಲ್ಲಿ ಸ್ಕಾಟನ ಬೆನ್ನು ಹತ್ತಿ

ಎಡಿನ್‌ಬರೋದಲ್ಲಿ ನಾನು ವಾರಕ್ಕೆ ಎರಡು ದಿನ ಇಳಿಯುವ ರೈಲು ನಿಲ್ದಾಣಕ್ಕೆ ಒಂದು ಕಾದಂಬರಿಯ ಹೆಸರಿದೆ, ವೇವರ್ಲಿ. ರಾಜನ ಹೆಸರಲ್ಲ, ದಂಡನಾಯಕನ ಹೆಸರಲ್ಲ. 1814ರಲ್ಲಿ ಲೇಖಕನ ಹೆಸರೇ ಇಲ್ಲದೆ ಅಚ್ಚಾಗಿ ಬಂದ ಒಂದು ಕಥೆಪುಸ್ತಕದ ಹೆಸರು. ಬರೆದವನು ವಾಲ್ಟರ್ ಸ್ಕಾಟ್. ನಿಲ್ದಾಣದಿಂದ ಹೊರಗೆ ಬಂದರೆ ಅವನ ಸ್ಮಾರಕ, 287 ಮೆಟ್ಟಿಲಿನ ಕಪ್ಪಿಟ್ಟ ಕಲ್ಲುಗೋಪುರ. ಮೊದಲ ಸಲ ಅದರ ಫೋಟೋ ಕಳಿಸಿದಾಗ ಅಪ್ಪ ಫೋನ್ ಮಾಡಿ, "ಇದು ದೇವಸ್ಥಾನವೇನವ್ವ?" ಅಂತ ಕೇಳಿದ್ದರು. ಕಥೆ ಬರೆದವನಿಗೆ ಕಟ್ಟಿದ್ದು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಳ್ಳೆ ಜನ" ಅಂದರು.

ನಮ್ಮ ಮನೆ ಇರುವುದು ಎಡಿನ್‌ಬರೋದಿಂದ ದಕ್ಷಿಣಕ್ಕೆ ಒಂದು ಗಂಟೆಯ ದಾರಿ, ಗ್ಯಾಲಶೀಲ್ಸ್ ಎಂಬ ಹಳೆಯ ಉಣ್ಣೆಗಿರಣಿಗಳ ಊರಲ್ಲಿ. ಇಂಗ್ಲೆಂಡಿನ ಗಡಿಯ ಕಡೆಗಿನ ಸೀಮೆ ಇದು. 1969ರಲ್ಲಿ ಮುಚ್ಚಿದ್ದ ರೈಲುಮಾರ್ಗವನ್ನು 2015ರಲ್ಲಿ ಮತ್ತೆ ತೆರೆದರು. ಅದು ಇರುವುದರಿಂದಲೇ ನಾವು ಇಲ್ಲಿ ಮನೆ ಮಾಡಿದ್ದು. ಬಂದ ಹೊಸದರಲ್ಲಿ ಈ ಸೀಮೆ ನನಗೆ ಹಿಡಿಸಲಿಲ್ಲ. ನಾನು ಶ್ರೀರಂಗಪಟ್ಟಣದ ಪಕ್ಕದ ಗಂಜಾಮಿನವಳು. ಕಾವೇರಿ, ಕಬ್ಬಿನ ಗದ್ದೆ, ತೆಂಗಿನ ಸಾಲು ನೋಡಿ ಬೆಳೆದ ಕಣ್ಣಿಗೆ ಇಲ್ಲಿ ಕಂಡದ್ದು ಬೋಳು ಗುಡ್ಡ, ಅದರ ಹಿಂದೆ ಇನ್ನೊಂದು ಬೋಳು ಗುಡ್ಡ, ಮೇಲೆ ಕುರಿ, ಅದರ ಮೇಲೆ ಮೋಡ. ಡಿಸೆಂಬರಿನಲ್ಲಿ ನಾಲ್ಕಕ್ಕೆಲ್ಲ ಕತ್ತಲೆ.

ಆಮೇಲೆ ಓದಿ ತಿಳಿದದ್ದು: 1817ರಲ್ಲಿ ಸ್ಕಾಟನ ಮನೆಗೆ ಬಂದ ಅಮೆರಿಕದ ಲೇಖಕ ವಾಷಿಂಗ್ಟನ್ ಅರ್ವಿಂಗನಿಗೂ ಹೀಗೇ ಆಗಿತ್ತು. ಈ ಗುಡ್ಡಗಳು ಎಷ್ಟು ಬೋಳೆಂದರೆ, ಅಂಚಿನ ಮೇಲೆ ಒಂದು ದಪ್ಪ ನೊಣ ನಡೆದುಹೋದರೂ ಕಂಡೀತು ಅಂತ ಅವನು ಬರೆದಿದ್ದಾನೆ. ಅವನಿಗೆ ನಿರಾಸೆಯಾದದ್ದು ತಿಳಿದು ಸ್ಕಾಟ್ ಸ್ವಲ್ಪ ಹೊತ್ತು ಮಾತಾಡಲಿಲ್ಲವಂತೆ. ಆಮೇಲೆ, ಇದು ನನ್ನ ಪಕ್ಷಪಾತವೇ ಇರಬಹುದು, ಆದರೆ ನನ್ನ ಕಣ್ಣಿಗೆ ಈ ಬೂದು ಗುಡ್ಡಗಳಲ್ಲೇ ಒಂದು ಚೆಲುವಿದೆ, ವರ್ಷಕ್ಕೊಮ್ಮೆಯಾದರೂ ಇಲ್ಲಿಯ ಹೆದರ್ ಗಿಡ ನೋಡದಿದ್ದರೆ ಸತ್ತೇ ಹೋಗುತ್ತೇನೇನೋ ಅಂದನಂತೆ. ಹೆದರ್ ಅಂದರೆ ಗುಡ್ಡದ ಮೈಗೆ ಅಂಟಿಕೊಂಡು ಬೆಳೆಯುವ ಕುರುಚಲು. ಆಗಸ್ಟಿನಲ್ಲಿ ಹೂ ಬಿಟ್ಟಾಗ ಇಡೀ ಗುಡ್ಡ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಆ ಮಾತು ಓದಿದ ಮೇಲೆ ಅವನು ಕಂಡದ್ದನ್ನು ನಾನೂ ಕಾಣಬೇಕು ಅನ್ನಿಸಿತು. ಎರಡು ವರ್ಷದಿಂದ ರಜೆ ಸಿಕ್ಕಾಗಲೆಲ್ಲ ಅವನ ಹಿಂದೆಯೇ ಓಡಾಡುತ್ತಿದ್ದೇನೆ.

ಎಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಸ್ಮೇಲ್‌ಹೋಮ್ ಗೋಪುರ. ಕೆಲ್ಸೊ ಊರಿನ ಹತ್ತಿರ ಒಂದು ಬಂಡೆಯ ನೆತ್ತಿಯಲ್ಲಿ, ಸುತ್ತ ಏನೂ ಇಲ್ಲದೆ ಒಂಟಿಯಾಗಿ ನಿಂತಿದೆ. ಗಡಿಯ ದರೋಡೆಗಾರರಿಂದ ಉಳಿದುಕೊಳ್ಳಲು ಕಟ್ಟಿಕೊಂಡ ಕಲ್ಲುಮನೆ. ಬುಡದಲ್ಲಿ ಒಂದು ಪುಟ್ಟ ಕೊಳ. ನಾವು ಹೋದ ದಿನ ಗಾಳಿ ಎಷ್ಟಿತ್ತೆಂದರೆ ಮಗನ ಟೋಪಿ ಹಾರಿ ಕೊಳಕ್ಕೇ ಬಿತ್ತು. ಗೋಪುರದ ಕೆಳಗಿನ ಸ್ಯಾಂಡಿನೋ ಹೊಲಮನೆ ಸ್ಕಾಟನ ತಾತನದು.

ಸ್ಕಾಟ್ ಹುಟ್ಟಿದ್ದು 1771ರ ಆಗಸ್ಟ್ 15ರಂದು, ಎಡಿನ್‌ಬರೋದಲ್ಲಿ. ಒಂದೂವರೆ ವರ್ಷದ ಕೂಸಾಗಿದ್ದಾಗ ಜ್ವರ ಬಂದು ಬಲಗಾಲಿನ ಸ್ವಾಧೀನ ಹೋಯಿತು. ಈಗಿನವರು ಅದನ್ನು ಪೋಲಿಯೊ ಅನ್ನುತ್ತಾರೆ. ಹಳ್ಳಿಯ ಗಾಳಿಗೆ ಸುಧಾರಿಸಲಿ ಅಂತ ಮಗುವನ್ನು ತಾತನ ಮನೆಗೆ ಕಳಿಸಿದರು. ಅಲ್ಲಿ ಮಾಡಿದ ಮದ್ದು ಕೇಳಿ: ಮನೆಯಡುಗೆಗೆ ಕುರಿ ಕಡಿದಾಗಲೆಲ್ಲ ಮಗುವಿನ ಬಟ್ಟೆ ಬಿಚ್ಚಿ, ಆಗತಾನೇ ಸುಲಿದ ಬಿಸಿ ಚರ್ಮದಲ್ಲಿ ಸುತ್ತಿ ನೆಲದ ಮೇಲೆ ಮಲಗಿಸುವುದು. ಅದು ತೆವಳಲಿ ಅಂತ, ಸೈನ್ಯದಲ್ಲಿ ಕರ್ನಲ್ ಆಗಿದ್ದ ಮುದುಕರೊಬ್ಬರು ಮಂಡಿಯೂರಿ, ತಮ್ಮ ಗಡಿಯಾರವನ್ನು ಜಮಖಾನದ ಮೇಲೆ ಎಳೆಯುತ್ತ ಮುಂದೆ ಮುಂದೆ ಹೋಗುತ್ತಿದ್ದರು. ಈ ನೆನಪು ತನ್ನ ಮೂರನೇ ವರ್ಷದ್ದಿರಬೇಕು ಅಂತ ಸ್ಕಾಟನೇ ಬರೆದಿಟ್ಟಿದ್ದಾನೆ. ಹಗಲೆಲ್ಲ ದನ ಕಾಯುವ ಮುದುಕ ಅವನನ್ನು ಹೆಗಲ ಮೇಲೆ ಹೊತ್ತು ಈ ಬಂಡೆಗಳ ನಡುವೆ ತಂದು ಬಿಡುತ್ತಿದ್ದ. ಒಂದು ದಿನ ಗುಡುಗು ಸಿಡಿಲಿನ ಮಳೆ ಬಂದಾಗ ಮನೆಯವರಿಗೆ ಮಗುವಿನ ನೆನಪಾಗಿ ಓಡಿಬಂದರೆ, ಅದು ಅಂಗಾತ ಮಲಗಿ ಒಂದೊಂದು ಮಿಂಚಿಗೂ ಚಪ್ಪಾಳೆ ತಟ್ಟಿ "ಚೆಂದ, ಚೆಂದ" ಅನ್ನುತ್ತಿತ್ತಂತೆ.

ಸಂಜೆ ಅಜ್ಜಿ ಗಡಿನಾಡಿನ ಕಳ್ಳಕಾಕರ ಕಥೆ ಹೇಳುವರು, ಅತ್ತೆ ಲಾವಣಿ ಓದುವರು. ಓದಲು ಬರುವ ಮೊದಲೇ ಅವನಿಗೆ ಒಂದು ಉದ್ದನೆಯ ಲಾವಣಿ ಬಾಯಿಪಾಠ. ಅದನ್ನು ಅರಚಿ ಅರಚಿ ಹೇಳುತ್ತಿದ್ದುದರಿಂದ, ಈ ಹುಡುಗನಿರುವ ಕಡೆ ಮಾತಾಡುವುದೂ ಒಂದೇ, ತೋಪಿನ ಬಾಯಲ್ಲಿ ಮಾತಾಡುವುದೂ ಒಂದೇ ಅಂತ ಮನೆಗೆ ಬರುತ್ತಿದ್ದ ಪಾದ್ರಿ ರೇಗುತ್ತಿದ್ದರು.

ನನಗೆ ಇದು ಹೊಸದಾಗಿ ಕಾಣಲಿಲ್ಲ. ಅಪ್ಪ ಶಾಲೆಯ ಮೇಷ್ಟ್ರು. ಭಾನುವಾರ ನಮ್ಮನ್ನು ಶ್ರೀರಂಗಪಟ್ಟಣದ ಕೋಟೆಗೆ ಕರೆದುಕೊಂಡು ಹೋಗಿ, ಗೋಡೆಯ ಮೇಲೆ ಕೂರಿಸಿ, ಜೋಳಿಗೆಯಿಂದ ಪುಸ್ತಕ ತೆಗೆದು ಓದುತ್ತಿದ್ದರು. "ಈಗ ತಲೆ ಎತ್ತಿ ನೋಡ್ರಿ, ಅಲ್ಲೇ ಗೋಡೆ ಒಡೆದದ್ದು" ಅಂದಾಗ ಪುಸ್ತಕದ ಸಾಲು ಎದ್ದು ಕಲ್ಲಾಗಿ ನಿಲ್ಲುತ್ತಿತ್ತು. ಸ್ಮೇಲ್‌ಹೋಮಿನಲ್ಲಿ ಆ ಗಾಳಿಗೆ ನಿಂತಾಗ ನೆನಪಾದದ್ದು ಅಪ್ಪನ ಜೋಳಿಗೆ.

ಓದು ಸ್ಕಾಟನನ್ನು ಬಿಡಲೇ ಇಲ್ಲ. ಹನ್ನೆರಡು ಹದಿಮೂರರ ಪ್ರಾಯದಲ್ಲಿ ಕೆಲ್ಸೊದ ಅತ್ತೆಯ ತೋಟದಲ್ಲಿ ಒಂದು ಭಾರಿ ಮರದ ಕೆಳಗೆ ಹಳೆಯ ಲಾವಣಿಗಳ ಸಂಗ್ರಹ ಹಿಡಿದು ಕೂತವನು ಊಟದ ಹೊತ್ತನ್ನೇ ಮರೆತ. ಆ ವಯಸ್ಸಿನ ಹಸಿವಿದ್ದೂ ಮರೆತೆ ಅಂತ ಬರೆದಿದ್ದಾನೆ. ಹದಿಹರೆಯದಲ್ಲಿ ಇನ್ನೊಂದು ಕಾಯಿಲೆ ಬಂದು, ವಾರಗಟ್ಟಲೆ ಮಾತೂ ಆಡದೆ ಹಾಸಿಗೆಯಲ್ಲೇ ಇರಬೇಕಾಯಿತು. ಆಗ ಯುದ್ಧದ ಚರಿತ್ರೆಗಳನ್ನು ಓದುತ್ತ, ಚಿಪ್ಪು, ಬೀಜ, ಬೆಣಚುಕಲ್ಲು ಜೋಡಿಸಿ ದಂಡು ಕಟ್ಟುತ್ತಿದ್ದ. ಮಲಗಿದಲ್ಲಿಂದಲೇ ಹೊರಗೆ ಮೈದಾನಕ್ಕೆ ಕವಾಯತಿಗೆ ಹೋಗುವ ಸೈನಿಕರು ಕಾಣುವಂತೆ ಕನ್ನಡಿಗಳನ್ನು ಓರೆಯಾಗಿ ಇಡಿಸಿಕೊಂಡಿದ್ದ. ಪುಸ್ತಕ ಕೈಯಲ್ಲಿ, ಬಯಲು ಕನ್ನಡಿಯಲ್ಲಿ.

ವಕೀಲನಾದ ಮೇಲೆ, 1792ರಿಂದ ಏಳು ವರ್ಷ, ಲಿಡ್ಸ್‌ಡೇಲ್ ಎಂಬ ಕಣಿವೆಗೆ ಹೋಗಿ ಹೋಗಿ ಬಂದ. ರಸ್ತೆಯಿಲ್ಲ, ಛತ್ರವಿಲ್ಲ. ಕುರಿಗಾಹಿಗಳ ಗುಡಿಸಿಲಿನಲ್ಲಿ ಮಲಗಿ, ಮುದುಕ ಮುದುಕಿಯರ ಬಾಯಿಂದ ಹಾಡು ಬರೆದುಕೊಂಡ. ಮುಂದೆ ಅವನ ಗೆಳೆಯನಾದ ಕುರಿಗಾಹಿ ಕವಿ ಜೇಮ್ಸ್ ಹಾಗ್‌ನ ತಾಯಿ ಮಾರ್ಗರೆಟ್ ಲೇಡ್ಲಾ ಎಂಬಾಕೆ ಅವನ ಮುಖಕ್ಕೇ ಹೇಳಿದಳು: ನನ್ನ ಹಾಡುಗಳು ಹಾಡಲಿಕ್ಕೆ ಹುಟ್ಟಿದವು, ಓದಲಿಕ್ಕಲ್ಲ, ನೀನು ಅಚ್ಚು ಹಾಕಿಸಿ ಕೆಡಿಸಿಬಿಟ್ಟೆ, ಇನ್ನು ಯಾರೂ ಹಾಡುವುದಿಲ್ಲ. ಅವಳ ಮಾತು ನಿಜ. ಅವನು ಬರೆದಿಡದಿದ್ದರೆ ಎಷ್ಟೋ ಹಾಡು ಮಣ್ಣಾಗುತ್ತಿದ್ದವು ಅನ್ನುವುದೂ ನಿಜ. ನಮ್ಮ ಕಡೆ ನಾಟಿ ಹಾಕುವ ಹೆಂಗಸರ ಪದಗಳನ್ನು ನನ್ನ ಅಜ್ಜಿಯ ಬಾಯಿಂದ ಯಾರೂ ಬರೆದುಕೊಳ್ಳಲಿಲ್ಲ. ಅಜ್ಜಿಯ ಜೊತೆಗೇ ಹೋದವು. ಆ ದುಃಖ ನನಗೆ ಇಲ್ಲಿಗೆ ಬಂದ ಮೇಲೆ ಹೆಚ್ಚಾಗಿದೆ.

ಬರೆಯುವಾಗಲೂ ಅವನು ನೆಲವನ್ನು ಬಿಡುತ್ತಿರಲಿಲ್ಲ. 1810ರಲ್ಲಿ ಬಂದ 'ದಿ ಲೇಡಿ ಆಫ್ ದಿ ಲೇಕ್' ಎಂಬ ಕಾವ್ಯಕ್ಕಾಗಿ, ವೆನಕರ್ ಸರೋವರದ ದಂಡೆಯಿಂದ ಸ್ಟರ್ಲಿಂಗ್ ಕೋಟೆಗೆ ತಾನು ಹೇಳಿದಷ್ಟು ಹೊತ್ತಿನಲ್ಲಿ ರಾಜ ಕುದುರೆಯ ಮೇಲೆ ಹೋಗಿ ಮುಟ್ಟಬಹುದೇ ಎಂದು ಆ ದಾರಿಗೇ ಹೋಗಿ ಪರೀಕ್ಷೆ ಮಾಡಿದ. ಇನ್ನೊಂದು ಕಾವ್ಯಕ್ಕೆ ರೋಕ್‌ಬಿಯ ಗುಹೆ ನೋಡಲು ಹೋದಾಗ ಅಲ್ಲಿ ಬೆಳೆದ ಪುಟ್ಟ ಕಾಡುಹೂ, ಸೊಪ್ಪುಸದೆ ಎಲ್ಲ ಗುರುತು ಹಾಕಿಕೊಂಡನಂತೆ. ಡೇಸಿ, ಪ್ರಿಮ್‌ರೋಸ್ ಅಂತ ಬರೆದರೆ ಸಾಲದೇ, ಇಷ್ಟು ಕಷ್ಟ ಯಾಕೆ ಅಂತ ಜೊತೆಯಲ್ಲಿದ್ದ ಗೆಳೆಯ ಕೇಳಿದ. ಸ್ಕಾಟ್ ಕೊಟ್ಟ ಉತ್ತರದ ಸಾರ ಇದು: ಸೃಷ್ಟಿಯಲ್ಲಿ ಎರಡು ಜಾಗ ಒಂದೇ ಥರ ಇರುವುದಿಲ್ಲ. ಕಣ್ಣೆದುರಿನದನ್ನು ಇದ್ದ ಹಾಗೆ ಬರೆದವನಿಗೆ ಸರಕು ಮುಗಿಯುವುದಿಲ್ಲ, ಬರೀ ಕಲ್ಪನೆಯನ್ನು ನಂಬಿದವನಿಗೆ ಬೇಗನೆ ನಾಲ್ಕಾರು ಚಿತ್ರಗಳೇ ಸುತ್ತಿ ಸುತ್ತಿ ಬರುತ್ತವೆ.

ಟ್ವೀಡ್‌ಬ್ಯಾಂಕಿನಲ್ಲಿ ರೈಲಿಳಿದು ಇಪ್ಪತ್ತು ನಿಮಿಷ ನಡೆದರೆ ಅವನ ಆಬಟ್ಸ್‌ಫರ್ಡ್ ಮನೆ. 1811ರಲ್ಲಿ ಒಂದು ಸಣ್ಣ ಹೊಲಮನೆ ಕೊಂಡು, ಅದನ್ನು ಬೆಳೆಸಿ ಕಟ್ಟಿದ್ದು. ಮನೆಯ ತುಂಬ ಸುಮಾರು 9,000 ಪುಸ್ತಕ. ಗ್ರಂಥಾಲಯದ ಕಿಟಕಿಯಾಚೆ ಟ್ವೀಡ್ ಹೊಳೆ. ಅವನು ಬರೆಯುತ್ತಿದ್ದ ಕೋಣೆ ಚಿಕ್ಕದು. ಮೇಲೆ ಸುತ್ತಲೂ ಅಟ್ಟ, ಅಲ್ಲಿಂದ ಮಲಗುವ ಕಡೆಗೆ ಹೋಗಲು ಒಂದು ಸಣ್ಣ ಮೆಟ್ಟಿಲು. ಬೆಳಗ್ಗೆ ಐದಕ್ಕೆ ಎದ್ದು ಇಲ್ಲಿ ಬರೆದು, ಮಧ್ಯಾಹ್ನ ಹೊರಗೆ ಹೋಗಿ ಗಿಡ ನೆಡುತ್ತಿದ್ದ. ಜೊತೆಗೆ ಟಾಮ್ ಪರ್ಡಿ. ಕಳ್ಳಬೇಟೆಯ ಮೇಲೆ, ಆ ಸೀಮೆಯ ನ್ಯಾಯಾಧೀಶನಾಗಿದ್ದ ಸ್ಕಾಟನ ಮುಂದೆಯೇ ವಿಚಾರಣೆಗೆ ಬಂದು, ಕೊನೆಗೆ ಅವನ ಬಲಗೈಯಾದ ಆಳು. ಅರ್ವಿಂಗ್ ಬೋಳು ಅಂದ ಗುಡ್ಡದ ಮಗ್ಗುಲಲ್ಲಿ ಇವತ್ತು ನಾನು ನಡೆಯುವ ಕಾಡು ಇವರಿಬ್ಬರಿಂದ ಶುರುವಾದದ್ದು.

ಇದೇ ಮನುಷ್ಯ ನಮ್ಮ ಊರಿನ ಬಗ್ಗೆಯೂ ಬರೆದಿದ್ದಾನೆ ಅಂತ ತಿಳಿದ ದಿನ ನನಗೆ ನಿದ್ದೆ ಬರಲಿಲ್ಲ. 1827ರಲ್ಲಿ ಬಂದ 'ದಿ ಸರ್ಜನ್ಸ್ ಡಾಟರ್' ಎಂಬ ಕಥೆ. ಸ್ಕಾಟ್ಲೆಂಡಿನ ಹಳ್ಳಿಯ ವೈದ್ಯನ ಮಗಳನ್ನು ಮೋಸದಿಂದ ಟಿಪ್ಪುವಿನ ಕೈಗೆ ಒಪ್ಪಿಸಲು ಒಬ್ಬ ಸಂಚು ಮಾಡುತ್ತಾನೆ. ಅವಳನ್ನು ಕಾಪಾಡಲು ಇನ್ನೊಬ್ಬ ಶ್ರೀರಂಗಪಟ್ಟಣಕ್ಕೆ ಹೋಗುತ್ತಾನೆ. ಕೊನೆಗೆ ಬೆಂಗಳೂರಿನ ತೋಟದಲ್ಲಿ, ಫಕೀರನ ವೇಷದಲ್ಲಿದ್ದ ಹೈದರಾಲಿ ತನ್ನ ನಿಜರೂಪ ತೋರಿಸಿ ನ್ಯಾಯ ಕೊಡುತ್ತಾನೆ. ದ್ರೋಹಿ ಆನೆಯ ಕಾಲಿಗೆ ಸಿಕ್ಕಿ ಸಾಯುತ್ತಾನೆ.

ಸ್ಕಾಟ್ ಭಾರತಕ್ಕೆ ಕಾಲಿಟ್ಟವನಲ್ಲ. ಪಕ್ಕದ ಹಂಟ್ಲಿಬರ್ನ್ ಮನೆಯಲ್ಲಿದ್ದ, ಭಾರತದಲ್ಲಿ ಸೈನ್ಯದಲ್ಲಿದ್ದು ಬಂದ ಕರ್ನಲ್ ಫರ್ಗುಸನ್ ಹೇಳಿದ್ದು, ಪುಸ್ತಕದಲ್ಲಿ ಓದಿದ್ದು, ಇವಿಷ್ಟೇ ಬಂಡವಾಳ. ಆ ಹೊತ್ತಿಗೆ ಅವನು ವ್ಯವಹಾರ ಮುರಿದು ಬಿದ್ದು, ಲಕ್ಷ ಪೌಂಡಿಗೂ ಮೀರಿದ ಸಾಲವನ್ನು ಬರೆದು ಬರೆದೇ ತೀರಿಸಲು ಹೊರಟಿದ್ದ. ಫೋನಿನಲ್ಲಿ ಬೆಂಗಳೂರಿನ ಆ ಭಾಗವನ್ನು ಕನ್ನಡ ಮಾಡಿ ಮಾಡಿ ಅಪ್ಪನಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡರು.

"ಹೈದರನ್ನ ಚೆನ್ನಾಗಿ ನಿಲ್ಲಿಸವ್ನೆ. ಊರು ಮಾತ್ರ ಬಂದಿಲ್ಲ ಕಣವ್ವ."

"ಅವನು ನೋಡೇ ಇರಲಿಲ್ಲ ಅಪ್ಪ."

"ಅದೇ ಮತ್ತೆ. ಲಾಲ್‌ಬಾಗಿನ ಬಂಡೆ ಒಂದ್ಸಲ ಹತ್ತಿದ್ರೆ ಸಾಕಾಗಿತ್ತು ಅವನಿಗೆ."

ನನಗೂ ಹಾಗೇ ಅನ್ನಿಸಿತ್ತು. ಸ್ಮೇಲ್‌ಹೋಮಿನ ಒಂದೊಂದು ಕಲ್ಲನ್ನೂ ಬಲ್ಲ ಕೈ ಬೆಂಗಳೂರಿಗೆ ಬಂದಾಗ ರೇಷ್ಮೆ, ಆನೆ, ಚಿನ್ನದ ಹೊಳಪಿನಲ್ಲೇ ನಿಂತುಬಿಡುತ್ತದೆ. ರೋಕ್‌ಬಿಯಲ್ಲಿ ಅವನೇ ಹೇಳಿದ ಮಾತಿಗೆ ಅವನ ಕಥೆಯೇ ಸಾಕ್ಷಿ. ಚಿತ್ರದುರ್ಗದ ಕಲ್ಲುಗಳ ನಡುವೆ ಬೆಳೆದ ತ.ರಾ.ಸು. ಬರೆದ ದುರ್ಗವನ್ನು ಓದಿದವರಿಗೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಬತೇರಿ ಹತ್ತಿದವನಿಗೆ ಏದುಸಿರು ಬರುತ್ತದೆ.

ಹೋದ ತಿಂಗಳು ಡ್ರೈಬರೋ ಮಠಕ್ಕೆ ಹೋಗಿದ್ದೆ. 1832ರ ಸೆಪ್ಟೆಂಬರ್ 21ರಂದು, ಕಿಟಕಿಗಳನ್ನೆಲ್ಲ ತೆರೆದಿಟ್ಟಿದ್ದ ಕೋಣೆಯಲ್ಲಿ, ಟ್ವೀಡ್ ಹೊಳೆ ಬೆಣಚುಕಲ್ಲಿನ ಮೇಲೆ ಹರಿಯುವ ಸದ್ದು ಕೇಳಿಸುತ್ತಿದ್ದಾಗ ಸ್ಕಾಟ್ ತೀರಿಕೊಂಡ. ಶವದ ಗಾಡಿ ಎಳೆಯುತ್ತಿದ್ದ ಕುದುರೆಗಳು, ಅವನು ಯಾವಾಗಲೂ ನಿಂತು ಈಲ್ಡನ್ ಗುಡ್ಡಗಳನ್ನು ನೋಡುತ್ತಿದ್ದ ತಿರುವಿನಲ್ಲಿ ತಾವಾಗೇ ನಿಂತುಬಿಟ್ಟವು ಅಂತ ಇಲ್ಲಿಯವರು ಹೇಳುತ್ತಾರೆ. ಮಠದ ಕಮಾನಿನ ಕೆಳಗೆ ಅವನ ಸಮಾಧಿ, ಹೆಂಡತಿಯದು, ಇನ್ನೊಂದು ಅವನ ಹಿರಿಮಗನದು. ಅವನ ಹೆಸರೂ ವಾಲ್ಟರ್. ಕುದುರೆ ದಳದ ಅಧಿಕಾರಿಯಾಗಿ ನಮ್ಮ ಬೆಂಗಳೂರಿನಲ್ಲಿದ್ದ. 1846ರ ಆಗಸ್ಟಿನಲ್ಲಿ ಅಲ್ಲಿಯೇ ಜ್ವರ ಹಿಡಿದು, ಊರಿಗೆ ಮರಳುವ ದಾರಿಯಲ್ಲಿ 1847ರ ಫೆಬ್ರವರಿ 8ರಂದು ಹಡಗಿನಲ್ಲೇ ಪ್ರಾಣ ಬಿಟ್ಟ. ವಯಸ್ಸು 45.

ಅಪ್ಪ ಕಂಡ ಬೆಂಗಳೂರನ್ನು ಮಗ ಕಂಡಿರಲಿಲ್ಲ ಅಂತ ಬರೆಯಲು ಹೊರಟು ಕೈ ತಡೆದೆ, ಆದದ್ದು ತಿರುಗಮುರುಗ. ಅಪ್ಪ ಬರೆದ, ಮಗ ಕಂಡ. ಸಮಾಧಿಯ ಮುಂದೆ ನಿಂತೇ ಗಂಜಾಮಿಗೆ ಫೋನ್ ಹಚ್ಚಿದೆ. ಅಲ್ಲಿ ಸಂಜೆಯಾಗಿತ್ತು. ಅಪ್ಪ ವಿಷಯ ಕೇಳಿ, "ಆ ಹುಡುಗ ಎಷ್ಟು ವರ್ಷ ಇದ್ನಂತೆ ನಮ್ಮ ಕಡೆ? ಮನೆಗೆ ಕಾಗದ ಬರೆದಿರಬೇಕಲ್ಲವ್ವ, ಹುಡುಕು" ಅಂದರು.